ಗೆರೆ ದಾಟಿದವನು

ಕಾಸು ಕೊಟ್ಟು ಕೊಂಡ ವಸ್ತುವಿಗಿಂತ, ಕಾಸು ಕೊಡದೆ ತನ್ನದೆಂದುಕೊಂಡ ವಸ್ತುವಿನ ಮೇಲೆಯೇ ಮನುಷ್ಯನಿಗೆ ಮಮಕಾರ ಹೆಚ್ಚು. ನಮ್ಮ ಸೀಮೆಯ ರೈತ ಮನೆಯಲ್ಲಿಯೇ ಹುಟ್ಟಿ ಬೆಳೆದ ಹೋರಿಯನ್ನು ಸಂತೆಯಲ್ಲಿ ಮಾರಿ ಬಂದ ದಿನ ಒಂದು ರಾತ್ರಿ ಸಪ್ಪಗಿರುತ್ತಾನೆ. ಮರುದಿನ ಎದ್ದು ಹೊಲಕ್ಕೆ ಹೋಗುತ್ತಾನೆ. ಅದೇ ರೈತನ ಮಗ, ತಾನು ಒಮ್ಮೆಯೂ ಎದುರಿಗೆ ಕಂಡಿರದ ಆಟಗಾರನೊಬ್ಬ ತಂಡ ಬದಲಿಸಿದನೆಂಬ ಸುದ್ದಿ ಕೇಳಿದರೆ ವಾರವಿಡೀ ಮನೆಯವರೊಡನೆ ನೆಟ್ಟಗೆ ಮಾತಾಡುವುದಿಲ್ಲ. “ನಮ್ಮ ಹುಡುಗ ಹಿಂಗ ಮಾಡಬಾರದಿತ್ತು” ಎಂದು ನಿಟ್ಟುಸಿರು ಬಿಡುತ್ತಾನೆ. ಆ ಹುಡುಗ ನಮ್ಮವನಾದದ್ದು ಯಾವಾಗ, ಹೇಗೆ ಎಂದು ಮಾತ್ರ ಯಾರೂ ಕೇಳಬಾರದು. ನಾನೊಮ್ಮೆ ಕೇಳಿದ್ದಕ್ಕೆ ಆ ಸಂಜೆ ನನ್ನ ಪಾಲಿನ ಚಹವೇ ಬರಲಿಲ್ಲ.

ಬೈಲಹೊಂಗಲದ ಬಜಾರಿನಲ್ಲಿ ನಾವು ಕೆಲವರು ದಿನವೂ ಸಂಜೆ ಕೂಡುವ ಒಂದು ಅಂಗಡಿಯ ಕಟ್ಟೆಯಿದೆ. ಸೇವೆಯಿಂದ ನಿವೃತ್ತನಾದ ಹೈಸ್ಕೂಲು ಮಾಸ್ತರನಾದ ನನಗೆ ಅಲ್ಲಿ ಮೂಲೆಯ ಒಂದು ಸ್ಟೂಲು ಮೀಸಲು. ಹತ್ತಿಯ ದರ, ನವಿಲುತೀರ್ಥದ ಜಲಾಶಯಕ್ಕೆ ಬಂದ ನೀರು, ಯಾರ ಮಗಳ ಲಗ್ನ ಎಲ್ಲಿ ಗೊತ್ತಾಯಿತು ಎಂಬ ವಿಷಯಗಳೆಲ್ಲ ಮುಗಿದ ಮೇಲೆ ಮಾತು ಆಟಕ್ಕೆ ಬರುತ್ತದೆ. ಆಟವೆಂದರೆ ಇಲ್ಲಿ ಕುಸ್ತಿ, ಕಬಡ್ಡಿ, ಕ್ರಿಕೆಟ್. ಮೊದಲನೆಯದರ ಬಗ್ಗೆ ಮುದುಕರು, ಎರಡನೆಯದರ ಬಗ್ಗೆ ಹಳ್ಳಿಯವರು, ಮೂರನೆಯದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ.

2025ರ ಎಪ್ರಿಲ್ 10ರ ಮರುದಿನ ಆ ಕಟ್ಟೆಯ ಮೇಲೆ ಕೂಡಲು ಜಾಗ ಸಾಲಲಿಲ್ಲ. ಹಿಂದಿನ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೆ. ಎಲ್. ರಾಹುಲ್ ದೆಹಲಿ ತಂಡದ ಪರವಾಗಿ ಆಡಿ, 53 ಚೆಂಡುಗಳಲ್ಲಿ ಔಟಾಗದೆ 93 ಓಟ ಗಳಿಸಿ, ಬೆಂಗಳೂರಿನ ತಂಡವನ್ನು ಅದರ ಅಂಗಳದಲ್ಲಿಯೇ ಸೋಲಿಸಿದ್ದರು. ಗೆಲುವಿನ ಹೊಡೆತದ ನಂತರ ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತ ಬರೆದು, ಅದರ ನಡುವೆ ಬ್ಯಾಟನ್ನು ಊರಿ, ಈ ನೆಲ ನನ್ನದು ಎಂಬಂತೆ ಸನ್ನೆ ಮಾಡಿದರು. ಬೆಂಗಳೂರಿನಲ್ಲಿ ಹುಟ್ಟಿ ಮಂಗಳೂರಿನ ಕಡೆ ಬೆಳೆದ ಹುಡುಗ. 2013ರಲ್ಲಿಯೂ 2016ರಲ್ಲಿಯೂ ಬೆಂಗಳೂರಿನ ತಂಡಕ್ಕೇ ಆಡಿದವರು. 2018ರ ಹರಾಜಿನಲ್ಲಿ 11 ಕೋಟಿ ರೂಪಾಯಿಗೆ ಪಂಜಾಬಿನ ಪಾಲಾದವರು. ಅಲ್ಲಿಂದ ಲಖನೌ, ಅಲ್ಲಿಂದ ದೆಹಲಿ.

“ನಮ್ಮ ಮನಿಯಾಗ ಉಂಡು ನಮಗ ಹೊಡದ” ಎಂದರು ಗೊಬ್ಬರದಂಗಡಿಯ ಸಾಹುಕಾರರು.

“ನೀವ ಉಣ್ಣಾಕ ಹಾಕಿದ್ದರ ಅಂವ ಯಾಕ ಹೋಗತಿದ್ದ, ಸಾವಕಾರ್ರ? ಹರಾಜಿನ್ಯಾಗ ಕೈ ಎತ್ತಲಿಲ್ಲ ನೀವು” ಎಂದರು ವಕೀಲರು.

ಸಾಹುಕಾರರು ಹರಾಜಿನಲ್ಲಿ ಇರಲೇ ಇಲ್ಲವೆಂಬುದು ವಕೀಲರಿಗೂ ಗೊತ್ತು, ಸಾಹುಕಾರರಿಗೂ ಗೊತ್ತು. ಆದರೂ ಅವರು ತಪ್ಪಿತಸ್ಥರಂತೆ ಒಂದು ಕ್ಷಣ ತಲೆ ತಗ್ಗಿಸಿದರು. ಅಭಿಮಾನವೆಂಬುದರ ಸ್ವಾರಸ್ಯ ಇಲ್ಲಿದೆ. ತಂಡದ ಲಾಭದಲ್ಲಿ ಒಂದು ಬಿಡಿಗಾಸಿನ ಪಾಲಿಲ್ಲದಿದ್ದರೂ ಅದರ ಲಜ್ಜೆಯಲ್ಲಿ ಪೂರ್ಣ ಪಾಲು.

ರಾಹುಲರ ಮಾತು ಅಷ್ಟು ಜಟಿಲವಾದುದಲ್ಲ. ಹರಾಜಿನ ತಂಡಗಳಲ್ಲಿ ಆಟಗಾರ ಹೋಗುವುದೂ ಇಲ್ಲ, ಬರುವುದೂ ಇಲ್ಲ; ಅವನನ್ನು ಒಯ್ಯುತ್ತಾರೆ, ತರುತ್ತಾರೆ. ಕಬಡ್ಡಿಯಲ್ಲಿಯೂ ಹಾಗೆಯೇ ಆಯಿತು. 2019ರ ಜನವರಿಯಲ್ಲಿ ಪವನ್ ಸೆಹ್ರಾವತ್ ಒಂದೇ ಫೈನಲ್ ಪಂದ್ಯದಲ್ಲಿ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಪ್ರಶಸ್ತಿ ಗಳಿಸಿಕೊಟ್ಟಾಗ ನಮ್ಮ ಹಳ್ಳಿಗಳಲ್ಲಿ ಹುಡುಗರು ಅವರ ಹಾಗೆಯೇ ಎದುರಾಳಿಯ ತಲೆಯ ಮೇಲಿಂದ ಹಾರಲು ಹೋಗಿ ಹಲ್ಲು ಮುರಿದುಕೊಂಡರು. 2022ರ ಹರಾಜಿನಲ್ಲಿ ತಮಿಳು ತಂಡ 2 ಕೋಟಿ 26 ಲಕ್ಷಕ್ಕೆ ಕೊಂಡೊಯ್ದಾಗ ಅದೇ ಹುಡುಗರು ಎರಡು ದಿನ ಅತ್ತರು, ಮೂರನೆಯ ದಿನ ಬೇರೊಬ್ಬನ ಹೆಸರು ಕೂಗತೊಡಗಿದರು. ಮಾರಿದ ಹೋರಿಯ ದುಃಖ ಇಷ್ಟೇ.

ಕಟ್ಟೆಯನ್ನು ನಿಜವಾಗಿ ಎರಡು ಹೋಳು ಮಾಡಿದವರು ಕರುಣ್ ನಾಯರ್. ಅವರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ವಾಚಕರು ಅಪ್ಪಣೆ ಕೊಡಬೇಕು.

ಜೋಧಪುರದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಈ ಹುಡುಗ 2015ರ ಮಾರ್ಚಿನಲ್ಲಿ, ಮುಂಬಯಿಯಲ್ಲಿ ತಮಿಳುನಾಡಿನ ವಿರುದ್ಧ ನಡೆದ ರಣಜಿ ಫೈನಲಿನಲ್ಲಿ 328 ಓಟ ಹೊಡೆದು ಕರ್ನಾಟಕಕ್ಕೆ ಪ್ರಶಸ್ತಿ ತಂದವರು. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಔಟಾಗದೆ 303. ಟೆಸ್ಟಿನಲ್ಲಿ ತ್ರಿಶತಕ ಹೊಡೆದ ಭಾರತೀಯರಲ್ಲಿ ಸೆಹ್ವಾಗರ ನಂತರ ಇವರೇ. ಆ ಬಳಿಕ ದೈವ ತಿರುಗಿತು. ಭಾರತ ತಂಡದ ಬಾಗಿಲು ಬೇಗ ಮುಚ್ಚಿತು. 2022ರ ಹೊತ್ತಿಗೆ ಕರ್ನಾಟಕದ ಬಾಗಿಲೂ ಮುಚ್ಚಿತು. ಆ ವರ್ಷದ ಡಿಸೆಂಬರ್ 10ರಂದು ಅವರು ಕ್ರಿಕೆಟ್ ಆಟವನ್ನೇ ಉದ್ದೇಶಿಸಿ, ತನಗೆ ಇನ್ನೊಂದು ಅವಕಾಶ ಕೊಡೆಂದು ಎರಡು ಸಾಲು ಬರೆದು ಲೋಕಕ್ಕೆ ಪ್ರಕಟಿಸಿದರು. ಮೂರು ನೂರು ಹೊಡೆದ ಕೈ ಬೇಡುವ ಕೈಯಾದದ್ದನ್ನು ಕಂಡು ನನ್ನಂಥವನಿಗೂ ಕರುಳು ಚುರುಕ್ಕೆಂದಿತು.

2023ರಲ್ಲಿ ಅವರು ವಿದರ್ಭಕ್ಕೆ ಹೋದರು. ಮರುವರ್ಷದ ಫೆಬ್ರವರಿಯಲ್ಲಿ ನಾಗಪುರದಲ್ಲಿ ರಣಜಿ ಕ್ವಾರ್ಟರ್ ಫೈನಲ್. ಎದುರಾಳಿ ಯಾರು? ಕರ್ನಾಟಕವೇ. ಕರುಣ್ 90 ಓಟ ಮಾಡಿದರು. ಕರ್ನಾಟಕ 127 ಓಟಗಳಿಂದ ಸೋತಿತು. ಆ ದಿನ ಸಾಹುಕಾರರು ಅಂಗಡಿಯ ಶಟರು ಅರ್ಧ ಎಳೆದು ಕುಳಿತಿದ್ದರು. “ಸೋತಿದ್ದಕ್ಕ ದುಃಖಿಲ್ಲರಿ. ಅವನ ಕೈಲೆ ಸೋತ್ವಿ ನೋಡ್ರಿ” ಎಂದರು. ಆ ‘ನೋಡ್ರಿ’ಯಲ್ಲಿ ಎಷ್ಟು ನೋವಿತ್ತೆಂದರೆ, ನಗಲೆಂದು ಬಾಯಿ ತೆರೆದ ವಕೀಲರೂ ಸುಮ್ಮನಾದರು.

ಮುಂದಿನ ವರ್ಷದ ವಿಜಯ ಹಜಾರೆ ಪಂದ್ಯಾವಳಿಯಲ್ಲಿ ಕರುಣ್ ಫೈನಲಿನವರೆಗೆ ಗಳಿಸಿದ್ದು 752 ಓಟ, ಔಟಾದದ್ದು ಒಂದೇ ಒಂದು ಸಲ. ಫೈನಲ್ 2025ರ ಜನವರಿ 18ರಂದು ವಡೋದರೆಯಲ್ಲಿ. ಎದುರಾಳಿ ಮತ್ತೆ ಕರ್ನಾಟಕ! ಅಂದು ಕಟ್ಟೆಯ ಮೇಲೆ ಕೇಳಿದ ಪ್ರಾರ್ಥನೆಗಳನ್ನು ದೇವರು ಹೇಗೆ ವಿಂಗಡಿಸಿದನೋ ತಿಳಿಯದು. ಅವನು ಸೊನ್ನೆಗೆ ಔಟಾಗಲಿ ಎಂದವರು ಕೆಲವರು. ಅವನು ನೂರು ಹೊಡೆಯಲಿ, ಆದರೆ ಕರ್ನಾಟಕ ಗೆಲ್ಲಲಿ ಎಂದವರು ಹೆಚ್ಚು ಜನ. ಅವರು 27 ಹೊಡೆದು ಪ್ರಸಿದ್ಧ ಕೃಷ್ಣರ ಚೆಂಡಿಗೆ ಬೌಲ್ಡ್ ಆದರು. ಕರ್ನಾಟಕ 36 ಓಟಗಳಿಂದ ಗೆದ್ದಿತು. ಗೆದ್ದ ಮೇಲೆ ನಮ್ಮವರಿಗೆ ಔದಾರ್ಯ ಬಂದಿತು. “ಪಾಪ, ಅಂವಾ ಒಬ್ಬನ ಎಷ್ಟಂತ ಹೊತ್ತಾನು!” ಎಂದು ಅದೇ ಸಾಹುಕಾರರು ಮಂಡಾಳ ತರಿಸಿದರು. ಒಂದೂವರೆ ತಿಂಗಳ ನಂತರ ವಿದರ್ಭ ಕೇರಳದ ಎದುರು ರಣಜಿ ಗೆದ್ದಿತು. ಆ ಫೈನಲಿನಲ್ಲಿ ಕರುಣರದು 86 ಮತ್ತು 135. ಅದನ್ನು ಕಂಡು, “ಇಂಥಾವನ್ನ ಬಿಟ್ಟವರಿಗೆ ಏನನ್ನಬೇಕು!” ಎಂದು ಕೇಳಿದವರೂ ಸಾಹುಕಾರರೇ.

ನನ್ನ ಅಭಿಪ್ರಾಯ ಕೇಳಿದರೆ, ಈ ಪ್ರಕರಣದಲ್ಲಿ ಚರ್ಚೆಗೆ ಅವಕಾಶವೇ ಕಡಿಮೆ. ಮನೆಯಿಂದ ಹೊರಗೆ ಹಾಕಿದವನು ಬೇರೆ ಮನೆ ಬಾಡಿಗೆಗೆ ಹಿಡಿದರೆ ಅದನ್ನು ಮನೆ ಬಿಟ್ಟುಹೋಗುವುದು ಎನ್ನಲಾಗದು. ಆದರೆ ಅಭಿಮಾನಿಯ ಮನಸ್ಸು ಈ ಲೆಕ್ಕಕ್ಕೆ ಒಪ್ಪುವುದಿಲ್ಲ. ಅವನಿಗೆ ಆಯ್ಕೆ ಸಮಿತಿ ಕಾಣುವುದಿಲ್ಲ. ಬೇರೆ ಬಣ್ಣದ ಟೋಪಿ ಹಾಕಿಕೊಂಡು ನಿಂತ ಹಳೆಯ ಮುಖವೊಂದೇ ಕಾಣುತ್ತದೆ.

ಈ ಬೇನೆ ಉಲ್ಬಣಿಸಿದ್ದನ್ನು ನೋಡಬೇಕಾದರೆ ಫುಟ್ಬಾಲಿನ ಊರುಗಳಿಗೆ ಹೋಗಬೇಕು. 2000ದಲ್ಲಿ ಲೂಯಿಸ್ ಫಿಗೊ ಎಂಬ ಪೋರ್ತುಗಲ್ಲಿನ ಆಟಗಾರ ಬಾರ್ಸೆಲೋನಾದಿಂದ ಅದರ ಜನ್ಮವೈರಿಯಾದ ರಿಯಲ್ ಮ್ಯಾಡ್ರಿಡ್ಡಿಗೆ ಹೋದ. 2002ರ ನವೆಂಬರಿನಲ್ಲಿ ಅವನು ಬಾರ್ಸೆಲೋನಾದ ಅಂಗಳದಲ್ಲಿ ಮೂಲೆಯ ಒದೆತಕ್ಕೆ ನಿಂತಾಗ ಪ್ರೇಕ್ಷಕರು ಬಾಟಲಿಗಳ ಜೊತೆಗೆ ಒಂದು ಹಂದಿಯ ತಲೆಯನ್ನೂ ಎಸೆದರು. ಮನೆಯಿಂದ ಹೊರಡುವಾಗ ಹಂದಿಯ ತಲೆಯನ್ನು ಚೀಲದಲ್ಲಿ ಕಟ್ಟಿಕೊಂಡು ಹೊರಟ ಆ ಪುಣ್ಯಾತ್ಮನ ಹೆಂಡತಿ ಅಂದು ಏನೆಂದಳೋ ಎಂಬುದೇ ನನಗಿರುವ ಕುತೂಹಲ.

ನಮ್ಮ ದೇಶದಲ್ಲಿ ಈ ವಿದ್ಯೆಯ ತವರು ಕಲಕತ್ತೆ. ಮೋಹನ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ನಡುವೆ ಆಟಗಾರರು ಅತ್ತಿತ್ತ ಹೋಗುವ ಋತು ಬಂತೆಂದರೆ, ಹೆಸರಾಂತ ಆಟಗಾರನನ್ನು ಎದುರಾಳಿಗಳ ಕೈಗೆ ಸಿಗದಂತೆ ಗುಟ್ಟಾದ ಮನೆಗಳಲ್ಲಿ ಅಡಗಿಸಿಟ್ಟು, ಸಹಿಯ ದಿನ ಕಾವಲಿನೊಡನೆ ಕರೆತರುತ್ತಿದ್ದರು. ಆ ಕಲಕತ್ತೆಗೆ ನಮ್ಮ ಬೆಂಗಳೂರು ಒದಗಿಸಿದ ಆಟಗಾರರು ಒಬ್ಬಿಬ್ಬರಲ್ಲ. 1937ರಲ್ಲಿ ಬೆಂಗಳೂರ್ ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಾಗಲೇ ಬೆಂಗಳೂರಿನ ಬರಿಗಾಲಿನ ಹುಡುಗರ ಹೆಸರು ಊರೂರಿಗೆ ಮುಟ್ಟಿತ್ತು. ಅಹಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸಿಗೂ 1952ರ ಹೆಲ್ಸಿಂಕಿಗೂ ಹೋದವರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ವಿರುದ್ಧ 10–1ರಲ್ಲಿ ಸೋತಾಗ ಆ ಒಂದನ್ನು ಹೊಡೆದವರು ಇವರೇ. 1949ರಿಂದ ಹತ್ತು ವರ್ಷ ಅವರು ಆಡಿದ್ದು ಈಸ್ಟ್ ಬೆಂಗಾಲಿಗೆ. ಬೆಂಗಳೂರಿನಿಂದಲೇ ಹೋದ ಧನರಾಜ್, ಜೊತೆಗೆ ಅಪ್ಪಾರಾವ್, ವೆಂಕಟೇಶ್, ಸಾಲೆ, ಹೀಗೆ ಐವರನ್ನು ಅಲ್ಲಿಯ ಜನ ಪಂಚಪಾಂಡವರೆಂದು ಕರೆದರು. ದಕ್ಷಿಣದಿಂದ ಬಂದ ಪಾಂಡವರನ್ನು ಬಂಗಾಳಿಗಳು ತಮ್ಮವರೆಂದೇ ಭಾವಿಸಿ ಹೆಗಲ ಮೇಲೆ ಹೊತ್ತರು. ಇತ್ತ ಬೆಂಗಳೂರೂ ಅವರನ್ನು ನೆನೆದು ಹೆಮ್ಮೆಪಟ್ಟಿತು. ಅದೇ ಕಾಲದಲ್ಲಿ, 1946ರಲ್ಲಿಯೂ 1952ರಲ್ಲಿಯೂ, ಮೈಸೂರು ತಂಡ ಸಂತೋಷ ಟ್ರೋಫಿ ಗೆದ್ದದ್ದು ಬಂಗಾಳವನ್ನು ಸೋಲಿಸಿಯೇ. ಒಂದು ಕಡೆ ಪೈಪೋಟಿ, ಇನ್ನೊಂದು ಕಡೆ ಕೊಡುಕೊಳೆ. ಮಗಳನ್ನು ಕೊಟ್ಟ ಊರಿನೊಡನೆ ಜಾತ್ರೆಯಲ್ಲಿ ಕುಸ್ತಿ ಆಡಿದ ಹಾಗೆ.

ಹಾಗೆ ನೋಡಿದರೆ ನಾವೇನು ಒಂದೇ ತಂಡದಲ್ಲಿ ಹುಟ್ಟಿ ಬೆಳೆದವರೆ? ನಮ್ಮ ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ರಾಮದುರ್ಗ 1948ರವರೆಗೆ ತನ್ನದೇ ರಾಜನಿದ್ದ ಸಂಸ್ಥಾನ. ನಮ್ಮಲ್ಲಿಂದ ಒಂದು ಹಗಲಿನ ಗಾಡಿ ದಾರಿಯ ಆಚೆಗೆ ಬೇರೆ ರಾಜ್ಯ, ಬೇರೆ ಕಚೇರಿ. ಆ ಹಳೆಯ ಗೆರೆ ನಕಾಶೆಯಿಂದ ಅಳಿಸಿಹೋಗಿ ಎಪ್ಪತ್ತು ವರ್ಷಗಳ ಮೇಲಾದರೂ, ಕಬಡ್ಡಿಯ ಅಂಗಳದಲ್ಲಿ ಮಾತ್ರ ರಾಮದುರ್ಗದ ಕಡೆಯವರೆಂದರೆ ಸವದತ್ತಿಯ ಕಡೆಯವರಿಗೆ ಈಗಲೂ ಪರರಾಜ್ಯದವರೇ.

ಈ ಗೆರೆಯನ್ನು ದಾಟಿದ ಒಬ್ಬ ಹುಡುಗನ ಸಲುವಾಗಿಯೇ ನಾನು ಇಷ್ಟೆಲ್ಲ ಯೋಚಿಸಬೇಕಾಗಿ ಬಂದದ್ದು.

ಅವನು ನನ್ನ ಶಿಷ್ಯ. ಹೆಸರು ಬೇಡ, ಊರಿನ ಹೆಸರೂ ಬೇಡ. ಸವದತ್ತಿ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಗೆ ಸಮೀಪದ ಒಂದು ಹಳ್ಳಿ ಎಂದರೆ ಸಾಕು. ವ್ಯಾಕರಣದಲ್ಲಿ ಅವನು ಎಂದೂ ಸಂಧಿಯನ್ನು ಬಿಡಿಸಿದವನಲ್ಲ. ಕಬಡ್ಡಿಯ ಅಂಗಳದಲ್ಲಿ ಮಾತ್ರ ಏಳು ಜನ ಕೈಕೈ ಹಿಡಿದು ಕಟ್ಟಿದ ಸರಪಣಿಯನ್ನು ಒಂದೇ ಉಸಿರಿನಲ್ಲಿ ಬಿಡಿಸಿಕೊಂಡು ಬರುತ್ತಿದ್ದ. ಹದಿನೆಂಟು ತುಂಬುವ ಮೊದಲೇ ಊರಿನ ತಂಡದ ಮೊದಲ ದಾಳಿಗಾರ. ಜಾತ್ರೆಯ ಹೊನಲು ಬೆಳಕಿನ ಪಂದ್ಯಗಳಲ್ಲಿ ಅವನು ನಡುಗೆರೆಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡು ಒಳಗೆ ಹೊಕ್ಕರೆ, ಟ್ರ್ಯಾಕ್ಟರಿನ ಮೇಲೆ ನಿಂತ ಮಂದಿ ಅವನ ಜೊತೆಗೇ ಉಸಿರು ಬಿಗಿಹಿಡಿಯುತ್ತಿದ್ದರು.

ಹತ್ತೊಂಬತ್ತನೆಯ ವರ್ಷದಲ್ಲಿ ಒಂದು ಪಂದ್ಯದಲ್ಲಿ ಕಾಲು ಹಿಡಿದು ಎಳೆದ ರಭಸಕ್ಕೆ ಅವನ ಮೊಣಕಾಲಿನ ಒಳಗಿನ ನರಪಟ್ಟಿ ಹರಿಯಿತು. ಶಸ್ತ್ರಕ್ರಿಯೆ ಆಗದೆ ಆಡುವಂತಿಲ್ಲವೆಂದು ವೈದ್ಯರು ಹೇಳಿದರು. ಊರಿನಲ್ಲಿ ಪಟ್ಟಿ ಹಾಕಿದರು. ಪಟ್ಟಿಯಲ್ಲಿ ಹೆಸರು ಬರೆಸಿದವರು ಬಹಳ, ದುಡ್ಡು ಕೊಟ್ಟವರು ಸ್ವಲ್ಪ. ಅಪ್ಪ ಹೈನದ ಎಮ್ಮೆಯನ್ನು ಮಾರಿದ, ಅದೂ ಸಾಲಲಿಲ್ಲ. ಅತ್ತ ಜಾತ್ರೆ ಬಂತು. ಊರಿನ ತಂಡದವರು ಅವನ ಜಾಗಕ್ಕೆ ದೂರದಿಂದ ಇಬ್ಬರು ಆಟಗಾರರನ್ನು ದಿನಕ್ಕಿಷ್ಟೆಂದು ಕೂಲಿ ಕೊಟ್ಟು ಕರೆಸಿದರು. ಅವರಿಗೆ ಕೊಡಲು ಅದೇ ಊರಿನಲ್ಲಿ ಪಟ್ಟಿ ಹಾಕಿದಾಗ ಮಾತ್ರ ದುಡ್ಡು ಕೂಡಿತು. ಇದನ್ನು ನಾನು ಆರೋಪವಾಗಿ ಹೇಳುತ್ತಿಲ್ಲ. ಜಾತ್ರೆ ಎದುರಿಗಿರುತ್ತದೆ, ಹರಿದ ಮೊಣಕಾಲು ಮನೆಯ ಒಳಗೆ ಕಂಬಳಿಯ ಕೆಳಗಿರುತ್ತದೆ. ಕಣ್ಣಿಗೆ ಕಾಣುವುದಕ್ಕೆ ದುಡ್ಡು ಬಿಚ್ಚುವುದು ಲೋಕದ ರೂಢಿ.

ಉಳಿದ ದುಡ್ಡನ್ನು ಕೊಟ್ಟವರು ರಾಮದುರ್ಗದ ಕಡೆಯ ಒಬ್ಬ ಗೃಹಸ್ಥರು; ಆ ಕಡೆಯ ಒಂದು ತಂಡವನ್ನು ಸಾಕುವ ಶೋಕಿ ಅವರಿಗೆ. ಶಸ್ತ್ರಕ್ರಿಯೆ ಮಾಡಿಸಿ, ಹುಡುಗ ಎದ್ದು ನಡೆದಾಡಿದ ಮೇಲೆ ತಮ್ಮ ಅಂಗಡಿಯಲ್ಲಿ ಒಂದು ಕೆಲಸವನ್ನೂ ಕೊಟ್ಟರು. ಪ್ರತಿಯಾಗಿ ಏನನ್ನೂ ಕೇಳಲಿಲ್ಲವೆಂದು ಹುಡುಗನ ಅಪ್ಪ ಹೇಳುತ್ತಾನೆ. ಕೇಳುವ ಅಗತ್ಯ ಇರಲಿಲ್ಲವೆಂದು ನಾನು ಭಾವಿಸುತ್ತೇನೆ. ಒಂದೂವರೆ ವರ್ಷದ ನಂತರ ಹುಡುಗ ಮತ್ತೆ ಚಡ್ಡಿ ತೊಟ್ಟಾಗ ಅವನ ಎದೆಯ ಮೇಲೆ ಆ ತಂಡದ ಹೆಸರಿತ್ತು.

2025ರ ಬೇಸಿಗೆಯಲ್ಲಿ ಒಂದು ಜಾತ್ರೆಯ ಪಂದ್ಯಾವಳಿ. ಕಡೆಯ ಪಂದ್ಯದಲ್ಲಿ ಎದುರುಬದುರು ಬಂದದ್ದು ಅವನ ಹೊಸ ತಂಡ ಮತ್ತು ಹುಟ್ಟೂರಿನ ತಂಡ. ನಾನೂ ಹೋಗಿದ್ದೆ. ಅಂಕ ಸಮಸಮ, ಕೊನೆಯ ದಾಳಿ ಅವನದು. ಅವನು ಬಗ್ಗಿ ನಡುಗೆರೆಯ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಅದೇ ಹಳೆಯ ಚಾಳಿ. ಎದುರಿಗೆ ನಿಂತವರಲ್ಲಿ ನಾಲ್ವರು ಅವನ ಜೊತೆ ಕೆರೆಯಲ್ಲಿ ಈಸು ಕಲಿತವರು. ಯಾವ ಕಾಲು ಮೊದಲು ಎತ್ತುತ್ತಾನೆಂದು ಅವರಿಗೆ ಗೊತ್ತು, ಯಾರು ಮೊದಲು ಮುನ್ನುಗ್ಗುತ್ತಾರೆಂದು ಇವನಿಗೆ ಗೊತ್ತು. ಇಬ್ಬರನ್ನು ಮುಟ್ಟಿ ಹಿಂದಿರುಗಿದ. ಶೀಟಿ ಊದಿತು. ಅಲ್ಲಿಯವರೆಗೆ ಎಲ್ಲವೂ ಸರಿಯೇ. ಆಮೇಲೆ ಅವನು ತನ್ನೂರಿನ ಮಂದಿ ನಿಂತ ದಿಕ್ಕಿಗೆ ತಿರುಗಿ ಪಟಪಟನೆ ತೊಡೆ ತಟ್ಟಿದ.

ಅದು ನನಗೆ ಸೇರಲಿಲ್ಲ. ಗೆಲ್ಲುವುದು ಅವನ ಕೆಲಸ. ತೊಡೆ ತಟ್ಟುವುದಕ್ಕೆ ಬೇರೆ ದಿಕ್ಕುಗಳೂ ಇದ್ದುವು. ರಾಹುಲ್ ನೆಲದಲ್ಲಿ ವೃತ್ತ ಬರೆದಾಗ ಅದರಲ್ಲಿ ಸಿಟ್ಟಿನಷ್ಟೇ ಮಮತೆಯೂ ಕಂಡಿತ್ತು. ಇಲ್ಲಿ ನನಗೆ ಬರಿಯ ಸಿಟ್ಟು ಕಂಡಿತು. ಎಮ್ಮೆ ಮಾರಿದ ಮನೆಯ ಹುಡುಗನ ಸಿಟ್ಟಿಗೆ ಕಾರಣವಿದ್ದೀತು. ಆದರೂ ಕಾರಣವಿದ್ದುದೆಲ್ಲ ಚೆನ್ನಾಗಿ ಕಾಣಬೇಕೆಂದಿಲ್ಲ.

ಆ ರಾತ್ರಿಯೇ ಊರಿನ ಹುಡುಗರ ಮೊಬೈಲುಗಳಲ್ಲಿ ಅವನ ಚಿತ್ರ ಹರಿದಾಡಿತು. ಕೆಳಗೆ ಎರಡು ಶಬ್ದ: ‘ನಮ್ಮೂರ ಮಲ್ಲಪ್ಪಶೆಟ್ಟಿ.’ ಮೂರು ದಿನದ ಮೇಲೆ ಅವನ ಮನೆಯ ಗೋಡೆಯ ಮೇಲೆಯೂ ಯಾರೋ ಇದ್ದಲಿಯಿಂದ ಅದನ್ನೇ ಬರೆದರು.

ಬೇರೆ ಸೀಮೆಯ ವಾಚಕರಿಗೆ ಇದರ ತೂಕ ತಿಳಿಯಲಾರದು. ಕಿತ್ತೂರಿನ ಕೋಟೆ ನಮ್ಮಿಂದ ದೂರವಿಲ್ಲ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಆ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿತು. ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ದಂಡಿನೊಡನೆ ಮರಳಿ ಬಂದು ಕೋಟೆ ಹಿಡಿದರು. ರಾಣಿಯನ್ನು ತಂದು ಸೆರೆಯಿಟ್ಟದ್ದು ನಮ್ಮ ಬೈಲಹೊಂಗಲದಲ್ಲಿ. 1829ರಲ್ಲಿ ಆಕೆ ಕಣ್ಣು ಮುಚ್ಚಿದ್ದೂ, ಆಕೆಯ ಸಮಾಧಿ ಇರುವುದೂ ಇಲ್ಲಿಯೇ. ಎರಡನೆಯ ಯುದ್ಧದಲ್ಲಿ ಕಿತ್ತೂರು ಸೋಲಲು ಒಳಗಿನವರ ಸಂಚೇ ಕಾರಣ, ತೋಪಿನ ಮದ್ದಿನಲ್ಲಿ ಸಗಣಿ ಬೆರೆಸಿದ್ದರು ಎಂದು ಜನ ಇನ್ನೂರು ವರ್ಷಗಳಿಂದ ಹೇಳುತ್ತ, ಹಾಡುತ್ತ ಬಂದಿದ್ದಾರೆ. ಆ ಹಾಡುಗಳಲ್ಲಿ ಮಲ್ಲಪ್ಪಶೆಟ್ಟಿ ಎಂಬುದು ಒಬ್ಬ ಮನುಷ್ಯನ ಹೆಸರಾಗಿ ಉಳಿದಿಲ್ಲ; ಅದೊಂದು ಬೈಗುಳ. ಇಲ್ಲಿ ಇಬ್ಬರು ಹೊಡೆದಾಡಿಕೊಂಡರೆ ಮರುದಿನ ಕೂಡಿ ಉಣ್ಣಬಹುದು. ಈ ಒಂದು ಮಾತು ಆಡಿದ ಮೇಲೆ ಕೂಡಿ ಉಣ್ಣುವುದು ಕಷ್ಟ. ಹುಡುಗನ ತಾಯಿ ಹಿಟ್ಟಿನ ಗಿರಣಿಗೆ ಹೋಗುವುದನ್ನು ಬಿಟ್ಟಳು. ಜೋಳದ ಚೀಲವನ್ನು ಪಕ್ಕದ ಊರಿಗೆ ಹೊತ್ತುಕೊಂಡು ಹೋಗಿ ಬೀಸಿಸಿಕೊಂಡು ಬರತೊಡಗಿದಳು.

ಒಂದು ದಿನ ಮಧ್ಯಾಹ್ನದ ಬಸ್ಸಿಗೆ ಅವನ ಅಪ್ಪ ಬಂದ. ಪಡಸಾಲೆಯಲ್ಲಿ ಕುಳಿತು, ನೀರು ಕುಡಿದು, ಬಹಳ ಹೊತ್ತು ರುಮಾಲಿನ ಸೆರಗನ್ನೇ ತಿರುವುತ್ತಿದ್ದ.

“ಮಾಸ್ತರ್ರ, ನೀವು ಕಲ್ತವರು. ಒಂದ ಮಾತ ಕೇಳತೀನಿ. ನನ್ನ ಮಗ ಮದ್ದಿನ್ಯಾಗ ಸಗಣಿ ಕಲಸ್ಯಾನೇನ್ರಿ?”

ನಾನು ಏನು ಹೇಳಲಿ? ಅವನೇ ಮುಂದುವರಿಸಿದ. “ಅಂವ ಹೋಗಾಂವ ಹಾಡಹಗಲ ಹೇಳಿ ಹೋದ. ನಮ್ಮ ತಂಡದಾಗ ಇದ್ದಾಗ ಒಂದಿನಾ ಕಾಲ ಎಳದ ಆಡಲಿಲ್ಲ. ರೊಕ್ಕಾ ತಗೊಂಡು ಸೋತಿದ್ದರ ನಾನ ಅವನ್ನ ಮನಿಯಿಂದ ಹೊರಗ ಹಾಕತಿದ್ನಿ.”

ಅಕ್ಷರ ಬಾರದ ಆ ಮನುಷ್ಯ ಹೇಳಿದ ಮಾತು ನಾನು ಓದಿದ ಯಾವ ಪುಸ್ತಕದಲ್ಲಿಯೂ ಅಷ್ಟು ನೇರವಾಗಿ ಸಿಕ್ಕಿರಲಿಲ್ಲ. ಯೋಚಿಸಿದಷ್ಟೂ ಅದು ನಿಜವೆನ್ನಿಸಿತು. ಕಿತ್ತೂರನ್ನು ಕೆಡಿಸಿದರೆಂದು ಜನ ಶಪಿಸುವವರು ಕೋಟೆ ಬಿಟ್ಟು ಹೋದವರಲ್ಲ. ಕೋಟೆಯೊಳಗೇ ಉಳಿದು, ರಾಣಿಯ ಉಪ್ಪು ಉಣ್ಣುತ್ತ ಇದ್ದವರು. ನಮ್ಮ ಬೈಲಹೊಂಗಲದಲ್ಲಿಯೇ ನಡೆದ ಘಟನೆಯಿಂದ ಹುಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಈ ಭಾಗದಲ್ಲಿ ನೋಡದವರಾರು? ಬಾಳ್ಯಾ ಸಂಗ್ಯಾನ ಗೆಳೆತನ ಬಿಟ್ಟು ಹೊರಟುಹೋಗಿದ್ದರೆ ಆಟವೇ ಇರುತ್ತಿರಲಿಲ್ಲ. ಅವನು ಗೆಳೆಯನಾಗಿ ಉಳಿದೇ ಗೆಳೆಯನನ್ನು ಕೊಲ್ಲುವವರ ಕೈಗೆ ಒಪ್ಪಿಸಿದ. ಪ್ರೇಕ್ಷಕರು ಬೆಳಗಿನ ಜಾವದವರೆಗೆ ಅಳುವುದು ಅದಕ್ಕೆ. ಹೇಳಿ ಹೋಗುವವನ ಮೇಲೆ ಮುನಿಸಿಕೊಳ್ಳಬಹುದು, ಅವನೆದುರು ಗೆಲ್ಲಬೇಕೆಂದು ಹಟ ತೊಡಬಹುದು. ಅವನಿಗಾಗಿ ಬೇರೊಂದು ಶಬ್ದವನ್ನು ನಮ್ಮ ಹಿರಿಯರು ಮಾಡಿಡಲಿಲ್ಲವೆಂದು, ಮದ್ದು ಕೆಡಿಸಿದವನ ಹೆಸರನ್ನೇ ಅವನ ಕೊರಳಿಗೆ ಕಟ್ಟುವುದೆ?

ಊರಿನ ಗುಡಿಯಲ್ಲಿ ಹಿರಿಯರ ಸಭೆ ಕೂಡಿತು, ನನ್ನನ್ನೂ ಕರೆದಿದ್ದರು. ಭಾಷಣ ಮಾಡುವ ಉತ್ಸಾಹ ನನಗಿರಲಿಲ್ಲ. ಅಪ್ಪನ ಮಾತನ್ನು ಅವನ ಮಾತಿನಲ್ಲಿಯೇ ಹೇಳಿ ಕುಳಿತೆ. ಗದ್ದಲವಾಯಿತು. “ಹಂಗಾರ ತೊಡಿ ಯಾಕ ತಟ್ಟಿದಾ?” ಎಂದು ಒಬ್ಬ ಹುಡುಗ ಎದ್ದು ಕೇಳಿದ. ಕೇಳತಕ್ಕ ಪ್ರಶ್ನೆಯೇ. “ಅದು ತಪ್ಪಾತು” ಎಂದು ಅಪ್ಪ ನಿಂತಲ್ಲಿಯೇ ಕೈ ಮುಗಿದ. ಮಗ ಅಲ್ಲಿರಲಿಲ್ಲ; ಬಂದಿದ್ದರೆ ಕೈ ಮುಗಿಯುತ್ತಿದ್ದನೋ ಇಲ್ಲವೋ ಹೇಳಲಾರೆ. ಆಗ ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಊರಿನ ಒಬ್ಬ ಅಜ್ಜಿ, “ಕೂಲಿಗೆ ಕರಕೊಂಡ ಬಂದಿದ್ರಲ್ಲೋ ಇಬ್ಬರನ್ನ, ಅವರು ಯಾವ ಊರ ಮಲ್ಲಪ್ಪಶೆಟ್ಟಿಗೋಳು?” ಎಂದಳು. ಗುಡಿಯಲ್ಲಿ ನಗೆಯೆದ್ದಿತು. ನಗೆಯೆದ್ದ ಸಭೆಯಲ್ಲಿ ದಂಡ ಹಾಕಲಾಗುವುದಿಲ್ಲ. ಮರುದಿನ ಆ ಗೋಡೆಗೆ ಸುಣ್ಣ ಬಳಿದರು. ಬಳಿದವರು ಬರೆದವರೇ ಎಂದು ಕೇಳಿದ್ದೇನೆ. ತಾಯಿ ಮಾತ್ರ ಇನ್ನೂ ಪಕ್ಕದ ಊರಿನ ಗಿರಣಿಗೇ ಹೋಗುತ್ತಾಳೆ. ಅಲ್ಲಿ ಹಿಟ್ಟು ನುಣ್ಣಗೆ ಬೀಳುತ್ತದಂತೆ.

ಕಳೆದ ಅಕ್ಟೋಬರಿನಲ್ಲಿ, ಕಿತ್ತೂರು ಉತ್ಸವದ ದಿನಗಳಲ್ಲಿ, ನಮ್ಮ ಕಟ್ಟೆಯಲ್ಲಿ ಪುನಃ ಸಂಭ್ರಮ. ಕರುಣ್ ನಾಯರ್ ಕರ್ನಾಟಕಕ್ಕೆ ಮರಳಿದ್ದರು. ಶಿವಮೊಗ್ಗದಲ್ಲಿ ಗೋವೆಯ ವಿರುದ್ಧ ಔಟಾಗದೆ 174 ಹೊಡೆದಿದ್ದರು. “ನಮ್ಮ ಹುಡುಗ ಮನಿಗೆ ಬಂದ” ಎಂದು ಸಾಹುಕಾರರು ಎಲ್ಲರಿಗೂ ಚಹ ಹೇಳಿದರು. ಎರಡು ವರ್ಷ ಅವನು ಯಾರ ಹುಡುಗನಾಗಿದ್ದನೆಂದು ವಕೀಲರು ಕೇಳಲಿಲ್ಲ. ಚಹ ಬಂದಿತ್ತಲ್ಲ.

ಅದೇ ವಾರ ಒಂದು ಸಂಜೆ ಆ ಹಳ್ಳಿಯ ತಂಡದ ನಾಯಕ ನಮ್ಮ ಮನೆಗೆ ಬಂದ. ಅವನೂ ನನ್ನ ಶಿಷ್ಯನೇ. ಗುಡಿಯಲ್ಲಿ ಎದ್ದು ನಿಂತು ತೊಡೆಯ ಪ್ರಶ್ನೆ ಕೇಳಿದವನು. ಹಬ್ಬದ ಕರಚೀಕಾಯಿ ತಿಂದ, ನನ್ನ ಮಂಡಿನೋವು ವಿಚಾರಿಸಿದ, ಗೋಡೆಯ ಮೇಲಿನ ಪಂಚಾಂಗ ನೋಡಿದ. ಹೊರಡಲೆಂದು ಎದ್ದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ ಕೇಳಿದ:

“ಸರ, ಆ ರಾಮದುರ್ಗದವರು ಅವಗ ತಿಂಗಳಿಗೆ ಎಷ್ಟ ಕೊಡತಾರಂತ್ರಿ? … ಅವರಿಗೆ ಇನ್ನೊಬ್ಬ ರೇಡರ್ ಬೇಕಾಗ್ಯಾನೇನ, ಕೇಳಿ ನೋಡತೀರೇನ್ರಿ?”